ಡಿಎಲ್ ಕೊಡುವ ಮುನ್ನ ಇನ್ಶೂರೆನ್ಸ್ ಕೇಳಬೇಕು

ರಾತ್ರಿ ಹೊತ್ತು ಕೋಗಿಲು ಕ್ರಾಸ್ ಹಾದು ಏರ್‌ಪೋರ್ಟ್ ಕಡೆ ಗಾಡಿ ಓಡಿಸುವವರಿಗೆ ಡ್ರಿಂಕ್ ಅಂಡ್ ಡ್ರೈವ್ ಕೇಸಿನ ದಾರಿ ಬಾಯಿಪಾಠವಾಗಿರುತ್ತದೆ. ಪೊಲೀಸರು ಕೊಟ್ಟ ಯಂತ್ರಕ್ಕೆ ಊದಬೇಕು, ಮಿತಿ ಮೀರಿದ್ದರೆ ಗಾಡಿ ಸ್ಟೇಷನ್ ಸೇರುತ್ತದೆ, ಕೋರ್ಟಿನಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. ಡಿಎಲ್ ಆರ್‌ಟಿಒಗೆ ಹೋಗುತ್ತದೆ. ಮೊದಲ ಸಲವಾದರೆ ಮೂರು ತಿಂಗಳು ಅಮಾನತು. ಅವಧಿ ಮುಗಿದ ಮೇಲೆ ಅದನ್ನು ವಾಪಸ್ ಪಡೆಯಲು ಏನು ತೋರಿಸಬೇಕು ಎಂಬುದರ ಬಗ್ಗೆ ಮಾತ್ರ ನಮ್ಮಲ್ಲಿ ಹೆಚ್ಚು ಚರ್ಚೆ ನಡೆದಿಲ್ಲ. ನಮ್ಮ ಪದ್ಧತಿಯ ದೊಡ್ಡ ಕೊರತೆ ಇರುವುದು ಅಲ್ಲೇ ಎಂದು ನನ್ನ ನಂಬಿಕೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು, ಅದನ್ನು ಒಪ್ಪಬೇಕು. ಸುಮ್ಮನೆ ಮೂರು ತಿಂಗಳು ಕಾದರೆ ಸಾಲದು, ಚಾಲಕ ಮರುತರಬೇತಿ ಮುಗಿಸಿದ ಮೇಲೆಯೇ ಡಿಎಲ್ ಹಿಂತಿರುಗಿಸಬೇಕು ಎಂದು 19ನೇ ಕಲಂ ಈಗ ಹೇಳುತ್ತದೆ. ಶಿಕ್ಷೆಯ ಜೊತೆಗೆ ತಿದ್ದುವ ಕೆಲಸವೂ ಆಗಲಿ ಎಂಬ ಆಶಯ ಒಳ್ಳೆಯದೇ. ಆದರೆ ಈ ಇಡೀ ಲೆಕ್ಕಾಚಾರ ನಡೆಯುವುದು ಸರ್ಕಾರ ಮತ್ತು ಚಾಲಕ, ಇವರಿಬ್ಬರ ನಡುವೆ. ನಾಳೆ ಇದೇ ಚಾಲಕ ರಸ್ತೆ ದಾಟುವವರೊಬ್ಬರಿಗೆ ಗುದ್ದಿದರೆ ಆ ಮನೆಯವರಿಗೆ ಪರಿಹಾರ ಎಲ್ಲಿಂದ ಬರಬೇಕು? ಆ ಮೂರನೆಯವರು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಯಾವುದೇ ಕಾರಿನ ಇನ್ಶೂರೆನ್ಸ್ ಪಾಲಿಸಿಯನ್ನು ತೆಗೆದು ನೋಡಿ. ಪ್ರೀಮಿಯಂ ಲೆಕ್ಕದ ಪಟ್ಟಿಯಿಂದ ಕೆಳಗೆ, ಸಣ್ಣ ಅಕ್ಷರದಲ್ಲಿ, ಚಾಲಕನ ಬಗ್ಗೆ ಒಂದು ಷರತ್ತು ಇರುತ್ತದೆ. ಅಪಘಾತದ ಹೊತ್ತಿಗೆ ಓಡಿಸುತ್ತಿದ್ದವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅವರು ಅನರ್ಹಗೊಂಡಿರಬಾರದು ಎಂಬುದು ಅದರ ಸಾರ. ಅಂದರೆ ಇನ್ಶೂರೆನ್ಸ್ ಕಂಪನಿ ಡಿಎಲ್ ಬಗ್ಗೆ ಕೇಳುತ್ತದೆ. ಡಿಎಲ್ ಕೊಡುವ ಕಚೇರಿ ಇನ್ಶೂರೆನ್ಸ್ ಬಗ್ಗೆ ಕೇಳುವುದಿಲ್ಲ. ಕಂಪನಿಯ ಹಣ ಕಾಯುವ ಪ್ರಶ್ನೆಗೆ ಕಾಗದದ ಮೇಲೆ ಜಾಗವಿದೆ, ಗಾಯಾಳುವನ್ನು ಕಾಯುವ ಪ್ರಶ್ನೆಗೆ ಇಲ್ಲ.

ಅಮೆರಿಕದ ಬಹುತೇಕ ರಾಜ್ಯಗಳು ಈ ಪ್ರಶ್ನೆಗೆ ಜಾಗ ಮಾಡಿವೆ. ಕುಡಿದು ಓಡಿಸಿ ಅಥವಾ ವಿಮೆಯಿಲ್ಲದೆ ಓಡಿಸಿ ಲೈಸೆನ್ಸ್ ಕಳೆದುಕೊಂಡವರಿಗೆ ಅಲ್ಲಿ ಎಸ್‌ಆರ್-22 ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮವರಲ್ಲೂ ಈ ಹೆಸರು ಕೇಳಿದವರಿದ್ದಾರೆ. ಅದನ್ನು ಚಾಲಕ ತಾನೇ ಬರೆದು ಕೊಡುವಂತಿಲ್ಲ. ವಿಮಾ ಕಂಪನಿಯೇ ಸಾರಿಗೆ ಇಲಾಖೆಗೆ ಸಲ್ಲಿಸಬೇಕು. ಸಾಮಾನ್ಯವಾಗಿ ಮೂರು ವರ್ಷ ಆ ವಿಮೆ ಕಡಿಯದೆ ನಡೆಯಬೇಕು, ನಡುವೆ ಕಂತು ತಪ್ಪಿ ಪಾಲಿಸಿ ರದ್ದಾದರೆ ಕಂಪನಿಯೇ ಇಲಾಖೆಗೆ ತಿಳಿಸುತ್ತದೆ, ಲೈಸೆನ್ಸ್ ಮತ್ತೆ ಅಮಾನತಾಗುತ್ತದೆ. ಫ್ಲಾರಿಡಾ ಮತ್ತು ವರ್ಜೀನಿಯಾಗಳು ಕುಡಿದು ಓಡಿಸಿದವರಿಂದ ಇನ್ನೂ ಹೆಚ್ಚಿನ ಮೊತ್ತದ ವಿಮೆ ಕೇಳುತ್ತವೆ. ಸ್ವಂತ ಕಾರಿಲ್ಲದವರಿಗೂ ಅಲ್ಲಿ ಚಾಲಕನ ಹೆಸರಿನಲ್ಲೇ ಪಾಲಿಸಿ ಸಿಗುತ್ತದೆ.

ಆ ಪದ್ಧತಿಯನ್ನು ಹಾಗೇ ತಂದುಬಿಡಿ ಎಂದು ನಾನು ಹೇಳಲಾರೆ. ಒಮ್ಮೆ ಅಪಾಯದ ಚಾಲಕ ಎಂಬ ಹಣೆಪಟ್ಟಿ ಬಿದ್ದವರ ಪ್ರೀಮಿಯಂ ಅಲ್ಲಿ ಏರುತ್ತದೆ, ಕಟ್ಟಲಾಗದ ಬಡವರು ಲೈಸೆನ್ಸ್ ಇಲ್ಲದೆಯೇ ಕೆಲಸಕ್ಕೆ ಹೋಗುವ ಸ್ಥಿತಿ ಬರುತ್ತದೆ. ಜೊತೆಗೆ ಅಲ್ಲಿಯ ಕನಿಷ್ಠ ವಿಮೆಯೇ ತೀರಾ ಕಡಿಮೆ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಯಲ್ಲಿ ಸಾವು ಮತ್ತು ಗಾಯದ ಪರಿಹಾರಕ್ಕೆ ಮೇಲ್ಮಿತಿ ಇಲ್ಲ, ನ್ಯಾಯಮಂಡಳಿ ನಿಗದಿ ಮಾಡಿದಷ್ಟನ್ನು ಕಂಪನಿ ಕೊಡಬೇಕು. ಇದು ನಮ್ಮ ಕಾನೂನಿನ ನಿಜವಾದ ದೊಡ್ಡತನ. ಆದರೆ ವಿಮೆಯೇ ಇಲ್ಲದ ಗಾಡಿ ಗುದ್ದಿದರೆ ಆ ದೊಡ್ಡತನದಿಂದ ಯಾರಿಗೂ ಒಂದು ರೂಪಾಯಿ ಹುಟ್ಟುವುದಿಲ್ಲ. ದೇಶದ ರಸ್ತೆಯಲ್ಲಿರುವ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ವಿಮೆ ಇಲ್ಲವೆಂದು ಸಂಸತ್ತಿನ ಸ್ಥಾಯಿ ಸಮಿತಿಯೇ ಕಳವಳಪಟ್ಟಿದೆ. ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ದಂಡ ಮೊದಲ ಸಲಕ್ಕೆ 2,000 ರೂಪಾಯಿ, ಮತ್ತೆ ಸಿಕ್ಕರೆ 4,000. 1500 ಸಿಸಿ ಮೀರಿದ ಕಾರಿನ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರದಂತೆ 7,897 ರೂಪಾಯಿ. ವಿಮೆ ಮಾಡಿಸುವುದಕ್ಕಿಂತ ಸಿಕ್ಕಿಬಿದ್ದು ದಂಡ ಕಟ್ಟುವುದೇ ಅಗ್ಗವಾಗುವಂತೆ ಲೆಕ್ಕ ಕೂತಿದೆ.

ಗುದ್ದಿದ ಮೇಲಿನ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. ವಿಮೆಯಿಲ್ಲದ ಗಾಡಿ ಅಪಘಾತ ಮಾಡಿದ್ದರೆ, ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಇಡುವವರೆಗೆ ಅದನ್ನು ಬಿಡುವಂತಿಲ್ಲ, ಇಡದಿದ್ದರೆ ಹರಾಜು ಹಾಕಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಉದ್ದೇಶ ಸರಿ. ಆದರೆ ಹತ್ತು ಹದಿನೈದು ವರ್ಷ ಹಳೆಯ, ಅದರಲ್ಲೂ ಮುಂಭಾಗ ನುಜ್ಜುಗುಜ್ಜಾದ ಗಾಡಿ ಹರಾಜಿನಲ್ಲಿ ಎಷ್ಟಕ್ಕೆ ಹೋದೀತು? ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಅದು ವಕೀಲರ ಫೀಸಿಗೂ ಸಾಲದು.

2019ರ ತಿದ್ದುಪಡಿಯ ಇನ್ನೊಂದು ಸಾಲು ನನ್ನನ್ನು ಹೆಚ್ಚು ಕಾಡುತ್ತದೆ. ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳಲು ವಿಮಾ ಕಂಪನಿ ಎತ್ತಬಹುದಾದ ಕಾರಣಗಳ ಪಟ್ಟಿಗೆ, 150ನೇ ಕಲಂನಲ್ಲಿ, ಚಾಲಕ ಕುಡಿದು ಓಡಿಸಿದ್ದನ್ನೂ ಸೇರಿಸಿದರು. ಕುಡಿದವನ ತಪ್ಪಿಗೆ ಕಂಪನಿ ಏಕೆ ಹಣ ಕೊಡಬೇಕು ಎಂಬ ವಾದ ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ಆದರೆ ಗುದ್ದಿಸಿಕೊಂಡವರು ಕುಡಿದಿರಲಿಲ್ಲವಲ್ಲ. ಷರತ್ತು ಮುರಿದಿದ್ದರೂ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠ 2020ರಲ್ಲಿ ತೀರ್ಪು ಕೊಟ್ಟಿತು. ಇಲ್ಲಿಯ ಅಪಘಾತ ಸಂತ್ರಸ್ತರು ನ್ಯಾಯಾಂಗಕ್ಕೆ ಋಣಿಯಾಗಿರಬೇಕಾದ ತೀರ್ಪು ಅದು. ಆದರೆ ‘ಮೊದಲು ಕೊಟ್ಟು ನಂತರ ವಸೂಲು’ ಎಂಬ ದಾರಿ ತೆರೆಯುವುದು ಗಾಡಿಗೆ ಪಾಲಿಸಿ ಇದ್ದರೆ ಮಾತ್ರ.

ಒಂದು ಕಾಗದವನ್ನು ಇನ್ನೊಂದಕ್ಕೆ ಗಂಟು ಹಾಕುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಎಮಿಷನ್ ಸರ್ಟಿಫಿಕೇಟ್ ಇಲ್ಲದೆ ಇನ್ಶೂರೆನ್ಸ್ ರಿನ್ಯೂ ಮಾಡಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಿತ್ತು, ಅದರಿಂದ ವಿಮೆ ಬಿಟ್ಟ ಗಾಡಿಗಳು ಹೆಚ್ಚಾದವೆಂಬ ವಾದ ಕೇಳಿ 2024ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಸಂಚಾರ ಉಲ್ಲಂಘನೆಗೆ ಅಂಕ ಹಾಕಿ ಪ್ರೀಮಿಯಂ ಏರಿಸುವ ಸಲಹೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡ 2021ರಲ್ಲಿ ಮುಂದಿಟ್ಟಿತ್ತು, ಕುಡಿದು ಓಡಿಸಿದರೆ 100 ಅಂಕ, ತಪ್ಪು ಪಾರ್ಕಿಂಗಿಗೆ 10. ಅದೂ ಮತ್ತೆ ಚಾಲಕನ ಜೇಬಿನ ಮೇಲೆಯೇ ಕಣ್ಣಿಟ್ಟ ಯೋಜನೆ. ಪ್ರೀಮಿಯಂ ಏರಿದಷ್ಟೂ ವಿಮೆ ಬಿಡುವವರು ಹೆಚ್ಚುತ್ತಾರೆ.

ನನಗೆ ಬೇಕೆನಿಸುವುದು ಇದಕ್ಕಿಂತ ಚಿಕ್ಕದು. ಅಮಾನತಾದ ಡಿಎಲ್ ಹಿಂತಿರುಗಿಸುವ ದಿನ ಯಲಹಂಕದ ಕೆಎ-50 ಕಚೇರಿಯಾಗಲಿ, ಬೇರೆ ಯಾವುದೇ ಆರ್‌ಟಿಒ ಆಗಲಿ, ಆ ವ್ಯಕ್ತಿಯ ಹೆಸರಿನಲ್ಲಿರುವ ಗಾಡಿಗಳಿಗೆ ವಿಮೆ ಇದೆಯೇ ಎಂದು ನೋಡಲಿ. ಲೈಸೆನ್ಸ್ ವಿವರ ಸಾರಥಿ ಎಂಬ ಸರ್ಕಾರಿ ಪೋರ್ಟಲಿನಲ್ಲಿದೆ, ಗಾಡಿ ಮತ್ತು ವಿಮೆಯ ವಿವರ ವಾಹನ್‌ನಲ್ಲಿದೆ, ಎರಡೂ ಒಂದೇ ಸಚಿವಾಲಯದವು. ಚಾಲಕ ಹೊಸ ಕಾಗದ ಹೊತ್ತು ತರಬೇಕಿಲ್ಲ. ಸ್ವಂತ ಗಾಡಿಯಿಲ್ಲದೆ ಟ್ರಾವೆಲ್ಸ್ ಕಾರು ಓಡಿಸುವವರ ಡಿಎಲ್ ಅನ್ನು ಮಾಲೀಕನ ತಪ್ಪಿಗೆ ತಡೆಹಿಡಿಯಬಾರದು. ಅಲ್ಲಿ ಹಿಡಿಯಬೇಕಾದದ್ದು ಕೀ ಕೊಟ್ಟವನನ್ನು, ಏಕೆಂದರೆ 146ನೇ ಕಲಂ ವಿಮೆಯಿಲ್ಲದ ಗಾಡಿಯನ್ನು ಓಡಿಸುವವರ ಜೊತೆಗೆ ಓಡಿಸಲು ಬಿಡುವವರನ್ನೂ ಹೊಣೆ ಮಾಡುತ್ತದೆ. 75 ಸಿಸಿ ಮೀರಿದ, 150 ಸಿಸಿವರೆಗಿನ ಬೈಕಿಗೆ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರದಂತೆ 714 ರೂಪಾಯಿ. ಅದನ್ನು ಕಟ್ಟಿ ಬರುವವರೆಗೆ ಡಿಎಲ್ ಕೌಂಟರಿನಲ್ಲೇ ಇರಲಿ.