ಅಪ್ಪನ ಪರವಾಗಿ ಒಂದು ‘ಅಕ್ಸೆಪ್ಟ್’

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. 2016ರಲ್ಲಿ ತಗೊಂಡಿದ್ದು. ಬ್ಯಾಂಕು, ಪೆನ್ಶನ್, ಕರೆಂಟ್ ಬಿಲ್ಲು, ರಾತ್ರಿ ಯಕ್ಷಗಾನ ಎಲ್ಲಾ ಅದರಲ್ಲೇ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಸರಿ, 11 ಹಾಕೋಣ ಅಂತ ಹೊರಟರೆ ಕನಿಷ್ಠ ಅರ್ಹತೆ ಇಲ್ಲವಂತೆ!

ಅರ್ಹತೆ ಅಂದ್ರೆ ಏನು? 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಅಪ್ಪನ ಹತ್ರ ಎರಡೂ ಧಾರಾಳವಾಗಿದೆ. ತಕರಾರು ಇರೋದು ಬೇರೆ ಕಡೆ: ಕೀಲಿಗಳನ್ನು ಕಾಪಾಡೋ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. (ಟಿಪಿಎಂ ಎಷ್ಟೋ ಯಂತ್ರಗಳಲ್ಲಿ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತೆ. ಮೊದಲು ಅದನ್ನ ನೋಡಿ.)

ಇಲ್ಲಿ ‘ಆಗಲ್ಲ’ ಮತ್ತು ‘ಬಿಡಲ್ಲ’ ಅನ್ನೋ ಎರಡು ಮಾತನ್ನ ಬೇರೆ ಮಾಡಿಕೊಳ್ಳಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಅನ್ನೋ ಒಂದು ಸೂಚನೆ ಪ್ರೊಸೆಸರ್‌ಗೆ ಗೊತ್ತಿರಲೇಬೇಕು. ಗೊತ್ತಿಲ್ಲದ ತೀರಾ ಹಳೇ ಯಂತ್ರ ಶುರುವೇ ಆಗಲ್ಲ, ಯಾವ ಉಪಾಯವೂ ನಡೆಯಲ್ಲ. ಇದು ‘ಆಗಲ್ಲ’. ಆದರೆ ಏಳನೇ ತಲೆಮಾರಿನ ಐ7-7820ಎಚ್‌ಕ್ಯೂ ನೋಡಿ. ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೊ 2ರಲ್ಲಿ ಆ ಚಿಪ್ ಇತ್ತು. 2021ರ ಆಗಸ್ಟ್‌ನಲ್ಲಿ ಅದಕ್ಕೆ ವಿನಾಯಿತಿ ಸಿಕ್ಕಿತು, ಅದೂ ಆಯ್ದ ಯಂತ್ರಗಳಿಗೆ ಮಾತ್ರ. ಅದರ ಓರಗೆಯ ಉಳಿದ ಬಹುತೇಕ ಚಿಪ್‌ಗಳಿಗೆ ‘ಬಿಡಲ್ಲ’.

ಕಂಪನಿ ಕಾರಣ ಕೊಡಲಿಲ್ಲ ಅಂತಲ್ಲ. ಪರೀಕ್ಷೆಯ ಹಂತದಲ್ಲಿ ಅರ್ಹತೆ ಇಲ್ಲದ ಯಂತ್ರಗಳಲ್ಲಿ ಕರ್ನಲ್ ಮಟ್ಟದ ಕ್ರ್ಯಾಶ್ ಶೇ. 52 ಹೆಚ್ಚು ಅಂತ ಹೇಳಿತ್ತು. ಒಪ್ಪೋಣ. ಆದರೆ ಟಿಪಿಎಂ, ಪ್ರೊಸೆಸರ್ ತಪಾಸಣೆ ದಾಟೋಕೆ ರಿಜಿಸ್ಟ್ರಿಯಲ್ಲಿ ಏನು ಬರೀಬೇಕು ಅಂತ ತನ್ನ ಪುಟದಲ್ಲೇ ವರ್ಷಗಟ್ಟಲೆ ಇಟ್ಟುಕೊಂಡು, ಆಮೇಲೆ ಸದ್ದಿಲ್ಲದೆ ತೆಗೆದಿದ್ದೂ ಇದೇ ಕಂಪನಿ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನ ಹೂಕುಂಡದ ಕೆಳಗಿಟ್ಟ ಹಾಗೆ.

ಈಗ ನಮ್ಮ ಕಡೆ ಬರೋಣ. ರೂಫಸ್‌ನಲ್ಲಿ ಒಂದು ಟಿಕ್ ಹಾಕಿ ಪೆನ್‌ಡ್ರೈವ್ ಮಾಡಿದೆ, ಮುಕ್ಕಾಲು ಗಂಟೇಲಿ ಕೆಲಸ ಮುಗೀತು. ಲ್ಯಾಪ್‌ಟಾಪ್ ಚೆನ್ನಾಗೇ ಓಡ್ತಿದೆ. ನಾನೂ ಶಭಾಷ್‌ಗಿರಿ ತಗೊಂಡೆ. ಆದರೆ ಅರ್ಹತೆ ಇಲ್ಲದ ಯಂತ್ರಕ್ಕೆ ಕಂಪನಿ ಒಂದು ಷರತ್ತು ಹಾಕುತ್ತೆ: ಅಪ್ಡೇಟ್ ಕೇಳೋ ಹಕ್ಕು ನಿಮಗಿರಲ್ಲ. ತಿಂಗಳ ಅಪ್ಡೇಟ್‌ಗಳು ಸಾಮಾನ್ಯವಾಗಿ ಬರ್ತಾವೆ. ವರ್ಷದ ದೊಡ್ಡ ಆವೃತ್ತಿ ತಾನಾಗೇ ಬರಲ್ಲ, ಮತ್ತೆ ಪೆನ್‌ಡ್ರೈವ್ ಹಿಡಿದು ಕೂರಬೇಕು. ಇದಕ್ಕೆಲ್ಲ ‘ಅಕ್ಸೆಪ್ಟ್’ ಅಂದವನು ನಾನು, ಪೆನ್ಶನ್ ದುಡ್ಡು ಅಪ್ಪಂದು. ಅವರನ್ನ ಒಂದು ಮಾತೂ ಕೇಳಿರಲಿಲ್ಲ.

‘ಹೀಗೆ ಮಾಡಿ’ ಅನ್ನೋ ನಮ್ಮ ವಿಡಿಯೋಗಳೆಲ್ಲ ಡೆಸ್ಕ್‌ಟಾಪ್ ಕಾಣಿಸಿದ ಕೂಡಲೇ ಮುಗಿಯುತ್ತವೆ. ಮುಂದಿನ ವರ್ಷದ ಕಥೆ ಯಾರೂ ಹೇಳಲ್ಲ. ನಿಮ್ಮದೇ ಯಂತ್ರವಾದ್ರೆ ಏನು ಬೇಕಾದ್ರೂ ಮಾಡ್ಕೊಳ್ಳಿ. ಬೇರೆಯವರದ್ದಾದ್ರೆ ಮೊದಲು ಅವರಿಗೆ ಹೇಳಿ. ಬ್ರೌಸರ್ ಒಂದೇ ಸಾಕು ಅನ್ನೋರಿಗೆ ಲಿನಕ್ಸ್ ಮಿಂಟ್ ತೋರಿಸಿ, ಅದಕ್ಕೆ ಈ ಕಳ್ಳದಾರಿ ಬೇಕಿಲ್ಲ.

ಮೊನ್ನೆ ಫೋನ್ ಮಾಡಿ ಅಪ್ಪಂಗೆ ಎಲ್ಲಾ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, “ಹಂಗಾರೆ ವರ್ಷಕ್ಕೊಂದ್ಸಲನಾದ್ರೂ ನೀ ಬರ್ಲೇಬೇಕು ಅಂತಾಯ್ತು” ಅಂದ್ರು.