ಹಿಂಡಿದ ಬಗ್ಗಡ: ಗಟ್ಟಿಗೆ ಬೆಲೆ, ತಿಳಿಗೆ ತಾತ್ಸಾರ

ಗೋಬರ್ ಗ್ಯಾಸ್‌ನ ಗುಣಗಾನ ಸಾಮಾನ್ಯವಾಗಿ ಒಲೆಯ ಹತ್ತಿರವೇ ಮುಗಿದುಬಿಡುತ್ತದೆ. ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡ ಯಾರ ಹೊಲ ಸೇರಿತು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡು ಕಟ್ಟಿದ್ದು ತುಮಕೂರು ಜಿಲ್ಲೆಯ ಪುರ ಗ್ರಾಮದ ಸಮುದಾಯ ಸ್ಥಾವರ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ರೂಪಿಸಿದ ಈ ಸ್ಥಾವರ 1987ರಿಂದ ಎಂಜಿನ್ ಓಡಿಸಿ ಊರಿಗೆ ದೀಪವನ್ನೂ ಕೊಳವೆ ಬಾವಿಯ ನೀರನ್ನೂ ಕೊಟ್ಟಿತು.

ಅಲ್ಲಿ ಸಗಣಿ ತಂದುಕೊಟ್ಟವರಿಗೆ ಕಿಲೋಗೆ 2 ಪೈಸೆ ಸಿಗುತ್ತಿತ್ತು. ಅನಿಲ ಕಳೆದುಕೊಂಡ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಗಟ್ಟಿಯನ್ನು ಅವರವರು ತಂದ ಸಗಣಿಯ ಲೆಕ್ಕದಲ್ಲೇ ಹಿಂತಿರುಗಿಸುತ್ತಿದ್ದರು. ಸೋಸಿದ ನೀರನ್ನು ಮರುದಿನದ ಸಗಣಿ ಕದಡಲು ಬಳಸುತ್ತಿದ್ದರು. ಎರಡೇ ದನ ಇದ್ದವರ ತಿಪ್ಪೆಯೂ ಬರಿದಾಗಲಿಲ್ಲ. ಬಯಲುಸೀಮೆಯ ನೀರೂ ಉಳಿಯಿತು. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಸಿಗುವುದು ಕಷ್ಟ.

ಬೆಳೆಯ ದೃಷ್ಟಿಯಿಂದ ಮಾತ್ರ ಕೊರತೆಯಿದೆ. ಸಗಣಿ ಕೊಳೆತು ಅನಿಲವಾಗುವ ಡೈಜೆಸ್ಟರ್‌ನೊಳಗೆ ಸಾವಯವ ಸಾರಜನಕದ ಒಂದು ಪಾಲು ಅಮೋನಿಯಂ ಆಗಿ ನೀರಿಗೆ ಇಳಿಯುತ್ತದೆ. ಪೊಟ್ಯಾಷ್ ಕೂಡ ಹೆಚ್ಚಾಗಿ ನೀರಿನಲ್ಲೇ ಕರಗಿರುತ್ತದೆ. ನಾರು, ಇಂಗಾಲ, ರಂಜಕದ ದೊಡ್ಡ ಪಾಲು ಗಟ್ಟಿಯಲ್ಲಿ ನಿಲ್ಲುತ್ತವೆ. ಹಾಗಾಗಿ ಮನೆಗೆ ಮರಳಿದ್ದು ಮಣ್ಣನ್ನು ಹದಗೊಳಿಸುವ ಗೊಬ್ಬರ; ಬೆಳೆ ಕೂಡಲೇ ಹೀರಬಲ್ಲ ಸಾರಜನಕ ಬಹುಮಟ್ಟಿಗೆ ಸ್ಥಾವರದಲ್ಲೇ ಸುತ್ತುತ್ತಿತ್ತು. ಬಿಸಿಲಿಗೆ ಹರಡಿದಾಗ ಗಟ್ಟಿಯಲ್ಲಿ ಉಳಿದ ಅಮೋನಿಯಂ ಕೂಡ ಅಮೋನಿಯಾ ಆಗಿ ಗಾಳಿಪಾಲಾಗುತ್ತದೆ.

ಇಂದಿನ ದೊಡ್ಡ ಸಿಬಿಜಿ (ಸಂಕುಚಿತ ಜೈವಿಕ ಅನಿಲ) ಘಟಕಗಳಲ್ಲಿ ಮರಳಿನ ಹಾಸಿನ ಕೆಲಸವನ್ನು ಸ್ಕ್ರೂ ಪ್ರೆಸ್ ಮಾಡುತ್ತದೆ. ಅದು ಹಿಂಡಿದ ಹಿಂಡಿಯಲ್ಲಿ ಒಣ ಅಂಶ ಶೇ. 20ರಿಂದ 30, ಚೀಲ ತುಂಬಿ ದೂರ ಸಾಗಿಸಬಹುದು. ಆದರೆ ಬಗ್ಗಡದ ತೂಕದಲ್ಲಿ ಬಹುಪಾಲು ಹಿಂಡಿದಾಗ ಇಳಿಯುವ ತಿಳಿಯೇ, ಅದರಲ್ಲಿ ಬಹುಪಾಲು ನೀರೇ. ಹತ್ತಾರು ಮೈಲಿ ಟ್ಯಾಂಕರ್ ಓಡಿಸಿದರೆ ಗೊಬ್ಬರಕ್ಕಿಂತ ಡೀಸೆಲ್ಲೇ ದುಬಾರಿ. 2023ರಲ್ಲಿ ಕೇಂದ್ರ ಸರ್ಕಾರ ಇಂಥ ಘಟಕಗಳ ಗೊಬ್ಬರದ ಮಾರಾಟಕ್ಕೆ ಒಪ್ಪಿದ ಮಾರುಕಟ್ಟೆ ನೆರವು ದ್ರವರೂಪದ ಗೊಬ್ಬರವನ್ನೂ ಒಳಗೊಂಡಿದೆ, ಸರಿ. ಆದರೆ ಟನ್ನಿಗೆ ₹1,500 ಎಂಬ ದರ ತೂಕವನ್ನು ನೋಡುತ್ತದೆ, ಅದರೊಳಗಿನ ಸಾರಜನಕವನ್ನಲ್ಲ.

ಬೇರ್ಪಡಿಸುವುದರಿಂದ ಪೋಷಕಾಂಶ ಹೆಚ್ಚುವುದಿಲ್ಲ, ಹಂಚಿಹೋಗುತ್ತದೆ ಅಷ್ಟೆ. ಎರಡು ಪಾಲಿಗೂ ಹೊಲ ಗೊತ್ತಿದ್ದರೆ ಮಾತ್ರ ಅದು ಸಾರ್ಥಕ: ಗಟ್ಟಿಯನ್ನು ಉಳುಮೆಗೆ ಮುಂಚೆ ದೂರದ ಹೊಲಕ್ಕೆ, ತಿಳಿಯನ್ನು ನೀರು ಬೆರೆಸಿ, ಬಿಸಿಲು ಇಳಿದ ಮೇಲೆ ಹತ್ತಿರದ ಬೆಳೆಯ ಬುಡಕ್ಕೆ. ಮನೆಯ ಕೆಳಗೇ ತೋಟವಿರುವ ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಪೈಪಿನಲ್ಲಿ ಬಗ್ಗಡವನ್ನು ಹಾಗೇ ಹರಿಸುವುದೇ ಲಾಭ. ಹಿಂಡುವ ಯಂತ್ರ ಅವನಿಗೆ ದಂಡ. ಘಟಕಕ್ಕೆ ಅನುಮತಿ ಕೊಡುವಾಗ ಅನಿಲ ಎಷ್ಟು ಎಂದು ಕೇಳುವಷ್ಟೇ ಗಟ್ಟಿಯಾಗಿ, ತಿಳಿ ಇಳಿಸಲು ಸುತ್ತ ಎಷ್ಟು ಎಕರೆ ಇದೆ ಎಂದೂ ಕೇಳಬೇಕು. ಅದಕ್ಕೆ ಉತ್ತರವಿಲ್ಲದ ಘಟಕ ಗೊಬ್ಬರದ ಹೆಸರಲ್ಲಿ ಹಿಂಡಿ ಮಾರಿ, ಸಾರವನ್ನು ಹೊಂಡಕ್ಕೆ ಬಿಡುತ್ತದೆ.