ಹೆಣ್ಣುಮಕ್ಕಳ ಸೈಕಲ್ಲಿನ ಸೀಟು

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯೂ ಸೇರಿದಂತೆ ರಾಜ್ಯದ ಹಳ್ಳಿಗಳಲ್ಲಿ ಸೈಕಲ್ಲು ಹೆಣ್ಣುಮಕ್ಕಳ ಕೈಗೆ ಬಂದುದರಲ್ಲಿ, ಎಂಟನೇ ತರಗತಿಯವರಿಗೆಂದು 2006-07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯ ಪಾಲು ದೊಡ್ಡದು. ಆದರೆ ಸೈಕಲ್ಲಿನ ಗುಣ ವಿಚಾರಿಸುವವರು ಟೈರು, ಬ್ರೇಕುಗಳನ್ನು ನೋಡುವರೇ ಹೊರತು ಸೀಟನ್ನು ಗಮನಿಸುವುದು ಕಡಿಮೆ.

ಬೆನ್ನು ನೆಟ್ಟಗಿಟ್ಟು ತುಳಿಯುವಾಗ ದೇಹದ ಭಾರದ ಬಹುಪಾಲು ಕೂರುಮೂಳೆಗಳ ಮೇಲೆ, ಅಂದರೆ ಸೊಂಟದ ಕಟ್ಟಿನ ತಳದಲ್ಲಿರುವ ಎರಡು ಉಬ್ಬುಗಳ ಮೇಲೆ ಬೀಳುತ್ತದೆ. ಹೆಂಗಸರಲ್ಲಿ ಇವುಗಳ ಅಂತರ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಲೇಡೀಸ್ ಸೈಕಲ್ಲಿನ ಅಗಲವಾದ ಹಿಂಭಾಗವೂ ಅದರಡಿಯ ಸುರುಳಿ ಸ್ಪ್ರಿಂಗುಗಳೂ ಕುಣಿಬಿದ್ದ ರಸ್ತೆಯ ಕುಲುಕಾಟವನ್ನು ತಾಳಿಕೊಳ್ಳುವ ಬಗೆ ನಿಜಕ್ಕೂ ಮೆಚ್ಚತಕ್ಕದ್ದು. ಸುಕ್ಕುರಟ್ಟಿನ ಮೇಲೆ ಒತ್ತಿ ಕುಳಿತೆದ್ದು, ಅದರಲ್ಲಿ ಮೂಡಿದ ಎರಡು ತಗ್ಗುಗಳ ನಡುವಣ ದೂರವನ್ನು ಅಳೆದರೆ ತಕ್ಕ ಅಗಲದ ಅಂದಾಜು ಸಿಗುತ್ತದೆ.

ದೂರದ ಸವಾರಿಯ ಲೆಕ್ಕವೇ ಬೇರೆ. ಮುಂದಕ್ಕೆ ಬಾಗಿ ತುಳಿಯುವವರಿಗೆ ಅಗಲದ ಸೀಟು ತೊಡೆಗೆ ಉಜ್ಜುತ್ತದೆ. ಮೆತ್ತನೆಯ ಸ್ಪಂಜು ಅಂಗಡಿಯಲ್ಲಿ ಹಿತವೆನಿಸಿದರೂ, ತಾಸೆರಡು ತಾಸಿನಲ್ಲಿ ಮೂಳೆಗಳು ಅದರೊಳಗೆ ಇಳಿದು ನಡುಭಾಗದ ಮೃದು ಅಂಗಗಳ ಮೇಲೆ ಒತ್ತಡ ಹೆಚ್ಚುತ್ತದೆ. ಆದ್ದರಿಂದಲೇ ತುಸು ಗಟ್ಟಿಯಾದ, ನಡುವೆ ಸೀಳು ಬಿಟ್ಟ ಸೀಟುಗಳು ಬಂದವು. 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಬ್ರೂಕ್ಸ್ ಕಂಪನಿಯ ತೊಗಲಿನ ಸೀಟಂತೂ ಬಳಸಿದಷ್ಟೂ ಕೂರುವವರ ಮೈಗೆ ಒಗ್ಗುತ್ತದೆ. ಸೀಟಿನ ಮೂತಿ ಮೇಲೆದ್ದಿದ್ದರೆ ಮಾತ್ರ ಎಂಥ ಸೀಟೂ ನೋಯಿಸುತ್ತದೆ. ಅದನ್ನು ಪಾನಾ ಹಾಕಿ ಮಟ್ಟಕ್ಕೆ ತರುವುದು ಎರಡು ನಿಮಿಷದ ಕೆಲಸ.